ಆಶೀರ್ವಾದಕ್ಕ ಬರ್ರಿ, ಬಾಡಿಗಿಗೆ ಬ್ಯಾಡ್ರಿ

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗಾಗಿ ಹೋರಾಡುವವರು ಸದಾ ಗಂಭೀರವಾಗಿರುತ್ತಾರೆ ಎಂದು ಜನ ನಂಬಿದ್ದಾರೆ. ಗಂಭೀರವಾಗಿರಲು ಅದೇ ಜನ ಬಿಡಬೇಕಲ್ಲ! ನಾನು ಟ್ರಾನ್ಸ್‌ಜೆಂಡರ್ ಹೆಣ್ಣುಮಗಳು, ಹುಟ್ಟಿದ್ದು ಪಾರಿಶ್ವಾಡದಲ್ಲಿ, ಹೋರಾಟ ಬೆಳಗಾವಿಯಲ್ಲಿ. ಕಾಲೇಜು, ಕಾರ್ಖಾನೆ, ಪೊಲೀಸ್ ಠಾಣೆ ಅಂತ ಕರೆದಲ್ಲಿಗೆ ಹೋಗಿ ನಮ್ಮವರ ಹಕ್ಕಿನ ಬಗ್ಗೆ ಮಾತಾಡಿ ಬರುತ್ತೇನೆ. ನಾನಿದ್ದ ಹಳೇ ಮನೆಯನ್ನು ಮಾಲೀಕರು ಕೆಡವಲು ಹೊರಟರು. ತಿಂಗಳ ಕೊನೆಯೊಳಗೆ ಬೇರೆ ಸೂರು ಸಿಗದಿದ್ದರೆ ನಾನು ಬೀದಿಪಾಲು.

ಮುಂದಿನ ಸಾಲಿನ ಅಭಿಮಾನಿ

ರಾಮತೀರ್ಥ ನಗರದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆ ಖಾಲಿ ಇದೆಯೆಂದು ಹೋದೆ. ಬಾಗಿಲು ತೆಗೆದವರೇ ಅರಳಿದರು. ಹಿಂದಿನ ವಾರ ನನ್ನ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಇವರೇ.

"ಬರ್ರಿ ಮೇಡಂ, ಕುಂದರ್ರಿ. ನಿಮ್ಮವ್ರಿಗೆ ಯಾರೂ ಮನಿ ಕೊಡೂದಿಲ್ಲ ಅಂದ್ರಲ್ಲ ಅವತ್ತ, ಖರೇನ ನನ್ನ ಕಣ್ಣಾಗ ನೀರ ಬಂತ್ರಿ."

"ಹಂಗಾದ್ರ ಚಲೋ ಆತ್ರಿ ಸರ್. ನಿಮ್ಮ ಮನಿ ಕೇಳಾಕನ ಬಂದೇನಿ."

ಕಣ್ಣೀರು ಅಲ್ಲೇ ಇಂಗಿತು. ಚಹಾ ಮಾತ್ರ ಬಂತು. ಗೇಟಿನವರೆಗೂ ಕಳಿಸಲು ಬಂದು ಹೇಳಿದರು:

"ನಾವು ಫ್ಯಾಮಿಲಿಗಷ್ಟ ಕೊಡ್ತೀವ್ರಿ. ಆದ್ರ ನೀವು ಭಾಷಣ ನಿಲ್ಲಸಬ್ಯಾಡ್ರಿ. ಮಂದಿ ಸುಧಾರಸಬೇಕು."

ಖಾನಾಪುರದ ಆಯಿ

ಬೆಳಗಾವಿ ಸಾಕೆನಿಸಿ ಖಾನಾಪುರಕ್ಕೆ ಹೋದೆ. ಮನೆಯೊಡತಿ ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವ ಮುದುಕಿ. ಎಲ್ಲರೂ ಆಯಿ ಎನ್ನುತ್ತಾರೆ. ನಾನು ಯಾರು, ಎಂಥವಳು ಎಂಬುದನ್ನು ಮೊದಲೇ ಹೇಳಿಬಿಟ್ಟೆ. ಎಂಥ ಪ್ರಶ್ನೆ ಬಂದರೂ ಉತ್ತರ ಸಿದ್ಧವಿತ್ತು.

"ಅದೆಲ್ಲಾ ಇರ್ಲಿ ತಂಗಿ. ನಳಾ ಬಂದಾಗ ನೀರ ತುಂಬಾಕ ಮನ್ಯಾಗ ಯಾರ ಇರ್ತಾರ?" ಎಂದು ಕೇಳಿತು ಮುದುಕಿ.

ಈ ಪ್ರಶ್ನೆ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಒಬ್ಬಳೇ ಇರುತ್ತೇನೆ, ಹಗಲೆಲ್ಲ ಮೀಟಿಂಗು ಎಂದೆ.

"ನಳಾ ಬಂದಾಗ ಮನ್ಯಾಗ ಇರದಾಕಿ ಹೆಣ್ಣಾದ್ರೇನು, ಗಂಡಾದ್ರೇನು? ನನಗ ನಕೋ."

ಜೀವಮಾನದಲ್ಲಿ ಮೊದಲ ಸಲ ಪೂರ್ಣ ಸಮಾನತೆಯಿಂದ ತಿರಸ್ಕೃತಳಾಗಿ ಬಸ್ಸು ಹತ್ತಿದೆ.

ಮಚ್ಛೆಯ ವಾಸ್ತುಶಾಂತಿ

ತಿಂಗಳು ಮುಗಿಯುತ್ತ ಬಂದಿತ್ತು. ಬೆಳಗಾವಿ ಪಕ್ಕದ ಮಚ್ಛೆಯಲ್ಲಿ ಸಣ್ಣ ಕಾರ್ಖಾನೆ ನಡೆಸುವ ಒಬ್ಬರು ಫೋನ್ ಮಾಡಿ, ಹೊಸ ಮನೆಯ ವಾಸ್ತುಶಾಂತಿಗೆ ಬಂದು ಹರಸಬೇಕೆಂದರು. ನಮ್ಮಂಥವರ ಹರಕೆ ಫಲಿಸುತ್ತದೆ ಎಂಬ ನಂಬಿಕೆ ಇಲ್ಲಿನವರಿಗೆ ಬಲವಾಗಿದೆ. ಹರಸುವುದು ನನ್ನ ಕೆಲಸವಲ್ಲ, ಹಕ್ಕು ಕೇಳುವುದು ನನ್ನ ಕೆಲಸ ಎಂದೆ. ಅವರು ಬಿಡಲಿಲ್ಲ. ಊಟಕ್ಕಾದರೂ ಆಯಿತೆಂದು ಹೋದೆ.

ಮಹಡಿಯ ಗ್ರಿಲ್ಲಿಗೆ "ಮನೆ ಬಾಡಿಗೆಗೆ ಇದೆ" ಎಂಬ ಬೋರ್ಡು ತೂಗುತ್ತಿತ್ತು. ಆಸೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಅವ್ವಾರ, ನಿಮ್ಮ ಆಶೀರ್ವಾದ ಒಂದ ಇದ್ರ ಸಾಕ್ರಿ," ಎಂದು ಯಜಮಾನರು ನಯವಾಗಿ ಜಾರಿಕೊಂಡರು. ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅವರ ಹೆಂಡತಿ ನನ್ನ ಉಡಿ ತುಂಬಿದರು. ಗಂಡ ಹೆಂಡತಿ ಇಬ್ಬರೂ ಕಾಲಿಗೆ ಬಿದ್ದರು.

"ಮ್ಯಾಲಿನ ಮನಿಗೆ ಚಲೋ ಬಾಡಿಗಿದಾರರು ಸಿಗ್ಲಿ ಅಂತ ಹರಸ್ರೆವ್ವ," ಎಂದರು ಆಕೆ.

ಇಬ್ಬರ ತಲೆಯ ಮೇಲೂ ಕೈಯಿಟ್ಟೆ. "ಹೊತ್ತು ಮುಳುಗೂದರೊಳಗ ಸಿಗ್ಲಿ. ಗದ್ದಲ ಮಾಡದಾಕಿ, ಟೈಮಿಗೆ ಸರಿಯಾಗಿ ಬಾಡಿಗಿ ಕೊಡಾಕಿ ಬರ್ಲಿ."

"ಅಷ್ಟ ಆಗ್ಲೆವ್ವ. ಎಲ್ಲಿಂದ ಬರ್ತಾಳ ತಾಯಿ?"

"ಬಂದಾಳ. ನಿಮ್ಮ ಮುಂದ ನಿಂತಾಳ."

ಯಜಮಾನರು ತಡಬಡಿಸಿ ಎದ್ದು ಹಿಂದೆ ಸರಿದರು. ಮೂಲೆಯಲ್ಲಿ ಕೂತಿದ್ದ ಯಜಮಾನರ ತಾಯಿ ಗದರಿದರು: "ಬೇಡಿ ತಗೊಂಡ ಆಶೀರ್ವಾದ ಒಲ್ಲೆ ಅಂತೀಯೇನೋ? ಹೊಸಾ ಮನ್ಯಾಗ ಏನರ ಹೆಚ್ಚು ಕಡಿಮಿ ಆದ್ರ? ಕೊಡು ಕೀಲಿ!"

ಯಜಮಾನರು ಬೆವರು ಒರೆಸಿಕೊಂಡು ಕೀಲಿ ಕೊಟ್ಟರು. ನಾನು ಅದನ್ನು ಉಡಿಗೆ ಕಟ್ಟಿಕೊಂಡೆ. ಅವರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಒಂದ ಮಾತ್ರಿ ಅವ್ವಾರ. ಓಣ್ಯಾಗ ಯಾರರ ಕೇಳಿದ್ರ ಬಾಡಿಗಿಗೆ ಅದೇನಿ ಅನಬ್ಯಾಡ್ರಿ. ಮನ್ಯಾಗ ದೇವರನ್ನ ಇಟ್ಕೊಂಡೇವಿ ಅಂತ ನಾವ ಹೇಳ್ತೀವಿ."

"ಆಗ್ಲಿರಿ. ಆದ್ರ ದೇವರು ಬಾಡಿಗಿ ಕೊಡೂದು ಎಲ್ಲ್ಯರ ನೋಡೀರೇನು?"

ಯಜಮಾನರು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಹಂಗಾದ್ರ ಬ್ಯಾಡ್ರಿ. ಮನಷ್ಯಾರು ಅಂತನ ಹೇಳೂಣು."