ಐವತ್ತೆರಡು ಕಿಲೋದ ತೂಕದ ಕಲ್ಲು

ಈ ಪೇಟೆಯಲ್ಲಿ ಸುಳ್ಳು ಹೇಳುವ ಒಂದೇ ಒಂದು ತಕ್ಕಡಿಯನ್ನೂ ಉಳಿಸುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಆಲೂಗಡ್ಡೆ ಮಂಡಿಯ ನಟ್ಟನಡುವೆ, ತಕ್ಕಡಿಯ ಮೇಲೆ ನಿಂತುಕೊಂಡು. ಪ್ರತಿಜ್ಞೆ ಮಾಡುವವರು ಸಾಮಾನ್ಯವಾಗಿ ನೆಲದ ಮೇಲೆ ನಿಂತೇ ಮಾಡುತ್ತಾರೆ. ನಾನೇಕೆ ತಕ್ಕಡಿ ಹತ್ತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಗುವವರು ನಗಬಹುದು, ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ, ಇರಲಿ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು ನನ್ನ ಕೆಲಸ. ಸರಿಯಿದ್ದರೆ ಮುದ್ರೆ ಒತ್ತುತ್ತೇನೆ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುತ್ತೇನೆ. ಕೆಂಪು ಚೀಟಿ ಬಿದ್ದ ತಕ್ಕಡಿಯಲ್ಲಿ ಒಂದು ಈರುಳ್ಳಿಯನ್ನೂ ತೂಗುವಂತಿಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಚೀಟಿಯನ್ನೂ ತಪ್ಪಾಗಿ ಅಂಟಿಸಿದವನಲ್ಲ ಎಂಬ ಹೆಸರು ನನ್ನದು. ಬಡ್ತಿ ಸಿಗಲಿಲ್ಲ, ಕಿಟಕಿ ಪಕ್ಕದ ಕುರ್ಚಿಯೂ ಸಿಗಲಿಲ್ಲ. ನಾನು ಗಳಿಸಿದ್ದೆಂದರೆ ಆ ಹೆಸರೊಂದೇ.

ಮೂಟೆ ತೂಗುವ ದೊಡ್ಡ ತಕ್ಕಡಿಗಳ ಪರೀಕ್ಷೆಗೆಂದು ಇಲಾಖೆಯವರು ಇಪ್ಪತ್ತಿಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ಕೊಟ್ಟಿದ್ದಾರೆ. ಅವನ್ನು ಹೊತ್ತು ಬೆನ್ನು ಮುರಿದುಕೊಳ್ಳುವವರು ಮುರಿದುಕೊಳ್ಳಲಿ. ನನಗೆ ಅದರ ಅಗತ್ಯವೇ ಬೀಳಲಿಲ್ಲ. ಏಕೆಂದರೆ ನನ್ನ ತೂಕ ಐವತ್ತೆರಡು ಕಿಲೋ. ಮದುವೆಯ ದಿನ ಐವತ್ತೆರಡು, ಮಗಳು ಹುಟ್ಟಿದ ದಿನ ಐವತ್ತೆರಡು, ಒಂದೇ ಏಟಿಗೆ ಇಡೀ ಬ್ರೆಡ್ಡಿನ ಪೊಟ್ಟಣ ಮುಗಿಸಿ ಎದ್ದರೂ ಐವತ್ತೆರಡು! ಚಪ್ಪಲಿ ಬಿಟ್ಟು, ಜೇಬು ಖಾಲಿ ಮಾಡಿ ತಕ್ಕಡಿ ಹತ್ತುತ್ತಿದ್ದೆ. ಮುಳ್ಳು ಐವತ್ತೆರಡಕ್ಕೆ ನಿಂತಿತೋ, ಮುದ್ರೆ. ಅತ್ತಿತ್ತ ಸರಿಯಿತೋ, ಚೀಟಿ. ಸರಕಾರದ ಕಲ್ಲಿಗೆ ತುಕ್ಕು ಹಿಡಿಯಬಹುದು, ನನಗೆ ಹಿಡಿಯುವುದಿಲ್ಲ! ಪೇಟೆಯಲ್ಲಿ ನನ್ನ ಹೆಸರೇ ಐವತ್ತೆರಡು ಸಾಹೇಬರು ಎಂದಾಗಿತ್ತು. ಮನೆಯಲ್ಲಿ ತೂಕದ ಮಿಷಿನ್ ಇರಲಿಲ್ಲ. ನಾನೇ ಇರುವಾಗ ಇನ್ನೊಂದು ಯಾಕೆ?

ಹೀಗಿರುವಾಗ ಹೊಟ್ಟೆ ಕೈಕೊಟ್ಟಿತು. ಉಬ್ಬರ, ಸುಸ್ತು, ಮೆಟ್ಟಿಲು ಹತ್ತಿದರೆ ತಲೆಸುತ್ತು. ನನಗೇನೂ ಆಗಿಲ್ಲ ಎಂದು ವಾದಿಸುತ್ತಿದ್ದಾಗಲೇ ಹೆಂಡತಿ ರಟ್ಟೆ ಹಿಡಿದು ಡಾಕ್ಟರ ಮುಂದೆ ಕೂರಿಸಿದಳು. ರಕ್ತ ತೆಗೆದರು, ಗಂಟಲಲ್ಲಿ ನಳಿಗೆ ಇಳಿಸಿದರು, ಕೊನೆಗೆ ಸೀಲಿಯಾಕ್ ಕಾಯಿಲೆ ಎಂದರು. ಗೋಧಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದಂತೆ, ಅದನ್ನು ಕಂಡರೆ ನನ್ನ ಕರುಳಿಗೆ ಆಗುವುದಿಲ್ಲವಂತೆ. ವರ್ಷಗಟ್ಟಲೆ ತಿಂದದ್ದೊಂದೂ ಮೈಗೆ ಹತ್ತಿಲ್ಲ, ಇನ್ನು ಜೀವ ಇರುವವರೆಗೂ ಗೋಧಿ ಮುಟ್ಟಬೇಡಿ, ಮೂರು ತಿಂಗಳು ರಜೆ ಹಾಕಿ ಎಂದರು. ಇನ್ನು ಮೇಲೆ ತೂಕ ಏರಬಹುದು ಎಂದೂ ಹೇಳಿದರಂತೆ. ಆಗ ನಾನು ಬಾಗಿಲು ದಾಟಿದ್ದೆ, ಕೇಳಿಸಿಕೊಂಡವಳು ಹೆಂಡತಿ.

ಮನೆಯಲ್ಲಿ ಗೋಧಿಯ ಮೇಲೆ ಯುದ್ಧ ಸಾರಲಾಯಿತು. ಬಿಸ್ಕತ್ತಿನ ಡಬ್ಬ ಪಕ್ಕದ ಮನೆಗೆ ಹೋಯಿತು. ನನಗೇ ಬೇರೆ ಬಾಣಲೆ, ಬೇರೆ ಸೌಟು, ಬೇರೆ ಜರಡಿ ಬಂದವು. ಹೆಂಡತಿ ಕನ್ನಡಕ ಏರಿಸಿಕೊಂಡು ಸಾಸ್ ಬಾಟಲಿಯ ಹಿಂದಿನ ಇರುವೆಗಾತ್ರದ ಅಕ್ಷರಗಳನ್ನೂ ಓದದೆ ಬಿಡಲಿಲ್ಲ.

ನನ್ನ ಚಿಂತೆ ಬೇರೆಯೇ ಇತ್ತು. ನಮ್ಮ ಕಚೇರಿಯ ಟೈಪಿಸ್ಟ್ ಹಿಂದಿನ ವರ್ಷ ಬ್ರೆಡ್ ಬಿಟ್ಟು ಎರಡು ತಿಂಗಳಲ್ಲಿ ಐದು ಕಿಲೋ ಇಳಿದಿದ್ದ. ನಾನೂ ಹಾಗೇ ಇಳಿದರೆ ಪೇಟೆಯ ತಕ್ಕಡಿಗಳ ಗತಿ? ಆದ್ದರಿಂದ ಇಲಾಖೆಯ ಹಿತದೃಷ್ಟಿಯಿಂದ ಎರಡನೇ ಸಲ ಅನ್ನ ಬಡಿಸಿಕೊಂಡೆ. ಇಲಾಖೆಯ ಹಿತದೃಷ್ಟಿಯಿಂದಲೇ ಬೆಳಿಗ್ಗೆ ಮೂರು ಮೊಟ್ಟೆ, ಸಂಜೆ ಬೆಣ್ಣೆ ಸವರಿದ ಆಲೂಗಡ್ಡೆ. ಸರಕಾರಿ ಕೆಲಸವನ್ನು ಅಷ್ಟು ನಿಷ್ಠೆಯಿಂದ ಮಾಡಿದ್ದು ನಾನೊಬ್ಬನೇ ಇರಬೇಕು.

ರಜೆ ಮುಗಿದ ದಿನ ಪ್ಯಾಂಟಿನ ಗುಂಡಿ ಹಾಕಲು ಹೋದರೆ ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. ಲಾಂಡ್ರಿಯವನು ಬಟ್ಟೆ ಕುಗ್ಗಿಸಿದ್ದಾನೆ ಎಂದು ಗುಡುಗಿದೆ.

"ಬೆಲ್ಟೂ ಕುಗ್ಗಿದೆಯಲ್ಲ ರೀ, ಅದನ್ನೂ ಲಾಂಡ್ರಿಗೆ ಹಾಕಿದ್ರಾ?" ಎಂದಳು ಹೆಂಡತಿ. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ವೇಳೆ ಕರ್ತವ್ಯದ ಮೇಲೆ ಹೊರಟವನಿಗೆ ಇರುವುದಿಲ್ಲ.

ನೇರ ಆಲೂಗಡ್ಡೆ ಮಂಡಿಗೆ ಹೋಗಿ ತಕ್ಕಡಿ ಹತ್ತಿದೆ. ಮುಳ್ಳು ಐವತ್ತೆರಡನ್ನು ದಾಟಿ, ನಾಚಿಕೆಯಿಲ್ಲದೆ ಅರವತ್ತಕ್ಕೆ ಹೋಗಿ ನಿಂತಿತು. ಎಂಟು ಕಿಲೋ ಹೆಚ್ಚು! ಗಿರಾಕಿಯ ಹೊಟ್ಟೆಯ ಮೇಲೆ ಎಂಟು ಕಿಲೋದ ಬರೆ! ಹೋದ ವರ್ಷ ನೀವೇ ಮುದ್ರೆ ಒತ್ತಿದ ತಕ್ಕಡಿ ಸ್ವಾಮಿ ಎಂದು ಮಂಡಿಯವನು ಕೈಮುಗಿದ. ನಾನು ಕರಗಲಿಲ್ಲ. ಮೇಲೆ ಹೇಳಿದ ಪ್ರತಿಜ್ಞೆ ಮಾಡಿದ್ದು ಆಗಲೇ. ಕೆಂಪು ಚೀಟಿ ಅಂಟಿಸಿ ಪಕ್ಕದ ಈರುಳ್ಳಿ ಅಂಗಡಿಗೆ ನಡೆದೆ. ಅಲ್ಲೂ ಅರವತ್ತು. ಅಕ್ಕಿ ಅಂಗಡಿಯಲ್ಲಿ ಅರವತ್ತು, ಸಿಮೆಂಟಿನವನಲ್ಲಿ ಅರವತ್ತು, ಇದ್ದಿಲು ಮಾರುವವನಲ್ಲೂ ಅರವತ್ತು.

ಶನಿವಾರದ ಹೊತ್ತಿಗೆ ಹನ್ನೊಂದು ತಕ್ಕಡಿ ಸಿಕ್ಕಿಬಿದ್ದವು. ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿ ತನ್ನ ಮೇಲೇ ಅನುಮಾನ ಪಡುತ್ತಿದ್ದ. ನಾನು ಸಾಮಾನ್ಯ ಮನುಷ್ಯನೇ? ನಾನು ರಜೆಯಲ್ಲಿದ್ದ ಮೂರು ತಿಂಗಳಲ್ಲಿ ವ್ಯಾಪಾರಿಗಳೆಲ್ಲ ಒಟ್ಟು ಸೇರಿ ಮಸಲತ್ತು ಮಾಡಿದ್ದಾರೆ ಎಂದು ಕ್ಷಣದಲ್ಲಿ ಕಂಡುಹಿಡಿದೆ. ಪೇಟೆಗೆ ಪೇಟೆಯೇ ಕೆಟ್ಟಿತ್ತು. ಉಳಿದ ಪ್ರಾಮಾಣಿಕ ಒಬ್ಬನೇ, ಹಳೇ ಕಬ್ಬಿಣ, ಹಳೇ ಪೇಪರು ಕೊಳ್ಳುವ ಗುಜರಿಯವನು. ಅವನ ತಕ್ಕಡಿ ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಐವತ್ತೆರಡು ತೋರಿಸಿತು. ನಾನು ಅವನ ಕೈ ಕುಲುಕಿ, ಇವನನ್ನು ನೋಡಿ ಕಲಿಯಿರಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವನು ಸಂಕೋಚದಿಂದ ತಲೆ ತಗ್ಗಿಸಿದ. ವಿನಯ ಎಂದುಕೊಂಡೆ.

ಅಂಗಡಿಗಳಲ್ಲಿ ವ್ಯಾಪಾರ ನಿಂತಿತು. ವ್ಯಾಪಾರಿಗಳು ಸೇರಿ ದೂರು ಬರೆದರು. ರಜೆಯ ದಿನವೆಂದೂ ನೋಡದೆ ಭಾನುವಾರವೇ ಮನೆಗೆ ನೋಟೀಸು ಬಂತು. ಮಂಗಳವಾರ ಮೇಲಧಿಕಾರಿ ಮೇಡಂ ಖುದ್ದಾಗಿ ಮರುಪರೀಕ್ಷೆ ಮಾಡುತ್ತಾರೆ, ಚೀಟಿಗಳು ತಪ್ಪೆಂದಾದರೆ ಶಿಸ್ತುಕ್ರಮ. ಬರಲಿ ಎಂದೆ. ಹೆಂಡತಿ ನೋಟೀಸನ್ನು ಎರಡು ಸಲ ಓದಿ, ಮಡಿಸಿ, ಎದುರು ಕೂತಳು.

"ಹನ್ನೊಂದು ತಕ್ಕಡಿಗೂ ಅದೇ ಎಂಟು ಕಿಲೋನಾ?"

"ಅದೇ ಎಂಟು. ಮಸಲತ್ತಿಗೆ ಇನ್ನೇನು ಸಾಕ್ಷಿ ಬೇಕು?"

"ಹನ್ನೊಂದನ್ನೂ ಹತ್ತಿದ್ದು ಯಾರು?"

"ಇನ್ಯಾರು, ನಾನೇ."

ಅವಳು ನೋಟೀಸನ್ನು ಪಕ್ಕಕ್ಕಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ರಂತೆ ಎಂದು ಗೊಣಗಿದಳು. ಆಮೇಲೆ ಅವಳ ದನಿ ಇಳಿಯಿತು. "ನಾಲ್ಕು ತಿಂಗಳ ಹಿಂದೆ ನಿಮ್ಮ ಬೆನ್ನಿಗೆ ಎಣ್ಣೆ ಹಚ್ಚೋವಾಗ ಮೂಳೆ ಒಂದೊಂದೂ ಕೈಗೆ ಸಿಗ್ತಿತ್ತು. ನನಗೆ ಎಷ್ಟು ಭಯ ಆಗಿತ್ತು ಗೊತ್ತಾ? ಈಗ ಸಿಗಲ್ಲ. ಆ ಎಂಟು ಕಿಲೋ ನಾನು ಹಾಕಿದ್ದು ರೀ. ಅದನ್ನ ಕಳ್ಳಮಾಲು ಅನ್ನಬೇಡಿ."

ಸುಳ್ಳು ಹೇಳುವುದಿಲ್ಲ, ಆ ಕ್ಷಣ ಎದ್ದು ಅವಳ ಕೈ ಹಿಡಿಯಬೇಕು ಅನ್ನಿಸಿತು. ಆದರೆ ಹಿಡಿದರೆ ಹನ್ನೊಂದು ಚೀಟಿಯೂ ತಪ್ಪು ಎಂದು ಒಪ್ಪಿದಂತಾಗುತ್ತದಲ್ಲ! ಇಪ್ಪತ್ತೆರಡು ವರ್ಷದ ಹೆಸರು! ಮಂಗಳವಾರ ನೋಡೋಣ ಎಂದು ಮೀಸೆ ತಿರುವಿ ಮಲಗಿಬಿಟ್ಟೆ.

ಮಂಗಳವಾರ ಮೇಡಂ ಜೀಪಿನಲ್ಲಿ ಬಂದರು. ಹಿಂದುಗಡೆ ಇಪ್ಪತ್ತು ಕಿಲೋದ ಮೂರು ಕಲ್ಲುಗಳು ಕೂತಿದ್ದವು. ಮೇಡಂ ಮಾತು ಕಡಿಮೆ, ನೋಟ ಜಾಸ್ತಿ. ಆಲೂಗಡ್ಡೆ ಮಂಡಿಯ ತಕ್ಕಡಿಯ ಮೇಲೆ ಮೂರು ಕಲ್ಲನ್ನೂ ಇರಿಸಿದರು. ಮುಳ್ಳು ಅರವತ್ತಕ್ಕೆ ಬಂದು, ಮೊಳೆ ಹೊಡೆದ ಹಾಗೆ ನಿಂತಿತು. ನೆಲ ಸಮ ಇಲ್ಲ ಮೇಡಂ ಎಂದೆ. ತಕ್ಕಡಿಯನ್ನು ಬೇರೆ ನೆಲಕ್ಕೆ ಎಳೆಸಿದರು. ಅರವತ್ತು. ಗಾಳಿ ಇದೆ ಎಂದೆ. ಬಾಗಿಲು ಹಾಕಿಸಿದರು. ಅರವತ್ತು. ಕಲ್ಲುಗಳನ್ನು ಇಳಿಸಿ, ಈಗ ನೀವು ಹತ್ತಿ ಎಂದರು. ಹತ್ತಿದೆ. ಮುಳ್ಳು ಕಲ್ಲಿಗೂ ನನಗೂ ಭೇದ ಮಾಡಲಿಲ್ಲ.

ಹನ್ನೊಂದು ಅಂಗಡಿಯಲ್ಲೂ ಇದೇ ಕಥೆ. ಒಂದೊಂದು ಚೀಟಿಯನ್ನೂ ಮೇಡಂ ತಮ್ಮ ಕೈಯಾರೆ ಕಿತ್ತರು, ನನ್ನ ಚರ್ಮವನ್ನೇ ಕಿತ್ತ ಹಾಗಾಯಿತು. ಕೊನೆಗೆ, ಇಷ್ಟು ವರ್ಷ ಕಲ್ಲಿಲ್ಲದೆ ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳಿದರು. ನಾನು ನನ್ನ ಐವತ್ತೆರಡರ ಚರಿತ್ರೆಯನ್ನು ಎದೆಯುಬ್ಬಿಸಿ ಹೇಳಿ, ಇದು ಇಪ್ಪತ್ತೆರಡು ವರ್ಷದ ನಿಖರತೆ ಮೇಡಂ ಎಂದು ಮುಗಿಸಿದೆ.

"ಅದು ನಿಖರತೆ ಅಲ್ಲ, ಕಾಯಿಲೆ," ಎಂದರು ಮೇಡಂ. "ನಿಮ್ಮ ರಜೆ ಅರ್ಜಿಯಲ್ಲೇ ಬರೆದಿದೆ."

ಸುತ್ತ ನಿಂತವರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಹಾಗೆಂದು ಸೋಲೊಪ್ಪುವುದೇ? ಒಂದಾದರೂ ನನ್ನ ತೀರ್ಪು ಸರಿಯಿದೆ, ಬನ್ನಿ ತೋರಿಸುತ್ತೇನೆ ಎಂದು ನಾನೇ ಮುಂದಾಗಿ ಎಲ್ಲರನ್ನೂ ಗುಜರಿ ಅಂಗಡಿಗೆ ಕರೆದೊಯ್ದೆ! ಮೂರು ಕಲ್ಲು ಏರಿದವು. ಅರವತ್ತು ಕಿಲೋ ಕಬ್ಬಿಣ ಹೊತ್ತ ಆ ಪ್ರಾಮಾಣಿಕ ತಕ್ಕಡಿ, ಐವತ್ತೆರಡು ಎಂದು ತೋರಿಸಿತು.

ಗುಜರಿಯವನು ಮೇಡಂ ಕಾಲಿಗೇ ಬೀಳಲು ಹೋದ. "ಅರವತ್ತು ತೋರಿಸಿದ್ರೆ ಚೀಟಿ ಬೀಳುತ್ತೆ ಅಂತ ಪೇಟೆಯಲ್ಲೆಲ್ಲ ಸುದ್ದಿ ಆಗಿತ್ತು ಮೇಡಂ. ಸಾಹೇಬರು ಬರೋದನ್ನ ದೂರದಿಂದಲೇ ನೋಡಿದೆ. ಹೊಟ್ಟೆ ಬಂದಿದೆ, ಮುಖ ತುಂಬಿದೆ. ಒಳಗಿನ ಸ್ಪ್ರಿಂಗ್ ಬಿಗಿ ಮಾಡಿಬಿಟ್ಟೆ. ಬರೀ ಸಾಹೇಬರಿಗೆ ಬೇಜಾರಾಗಬಾರದು ಅಂತ."

ಅವತ್ತಿನಿಂದ ಜನರ ಹಳೇ ಕಬ್ಬಿಣವನ್ನೆಲ್ಲ ಅದೇ ಸ್ಪ್ರಿಂಗಿನಲ್ಲಿ ತೂಗಿ ಕೊಂಡೆಯಾ ಎಂದು ಮೇಡಂ ಕೇಳಿದ್ದಕ್ಕೆ ಅವನು ಮತ್ತೆ ಅವರ ಕಾಲಿನ ಕಡೆಗೇ ಬಾಗಿದ. ಆ ದಿನದ ಏಕೈಕ ಕೆಂಪು ಚೀಟಿ ಅಲ್ಲಿ ಬಿತ್ತು, ನಾನು ಮುದ್ರೆ ಒತ್ತಿದ ಜಾಗದ ಮೇಲೇ.

ಮೇಡಂ ವರದಿ ಪುಸ್ತಕ ತೆರೆದು, ಪೆನ್ನು ಹಿಡಿದು, ನನ್ನ ಕಡೆ ತಿರುಗಿದರು. "ಪೇಟೆಯಲ್ಲಿ ತಪ್ಪು ತೂಕದ ಕಲ್ಲು ಸಿಕ್ಕಿದರೆ ಏನು ಮಾಡಬೇಕು ಅಂತ ನಿಯಮ?"

ಆಹಾ! ನಿಯಮದ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಲಾಖೆಯಲ್ಲೇ ಇಲ್ಲ. ಸೋತು ಸುಣ್ಣವಾಗಿದ್ದವನಿಗೆ ಮತ್ತೆ ಜೀವ ಬಂತು. ಇಡೀ ಪೇಟೆಗೆ ಕೇಳುವ ಹಾಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. "ತಕ್ಷಣ ಬಳಕೆಯಿಂದ ತೆಗೆದು, ವಶಪಡಿಸಿಕೊಂಡು, ಕಚೇರಿಗೆ ಸಾಗಿಸಿ, ಮತ್ತೆ ಹೊರಗೆ ಹೋಗದ ಹಾಗೆ ಇಡಬೇಕು ಮೇಡಂ!"

"ಸರಿಯಾಗಿ ಹೇಳಿದಿರಿ," ಎಂದು ಮೇಡಂ ಬರೆದುಕೊಂಡರು. "ಜೀಪಿನ ಹಿಂದೆ ಹತ್ತಿ, ಆ ಮೂರು ಕಲ್ಲಿನ ಪಕ್ಕ ಕೂತ್ಕೊಳ್ಳಿ."