ತಾಳಿ ನುಂಗಿದ ಪೆಟ್ಟಿಗೆ

ಪೆಟ್ಟಿಗೆಗೆ ಆರು ಮುಖಗಳಿರುತ್ತವೆ. ಹುಕ್ಕೇರಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿಯಾಗಿ ಇದನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಆರು ಹಲಗೆ, ಒಂದಿಷ್ಟು ಮೊಳೆ, ಒಂದು ಸುತ್ತಿಗೆ. ಇಷ್ಟಕ್ಕೂ ಬಡಿಗೇರನೇ ಬೇಕು ಎನ್ನುವವರ ಬುದ್ಧಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ.

ಅಣ್ಣನ ಮಗ ಸಂಗಮೇಶನಿಗೆ ಕೊಣ್ಣೂರಿನ ಹುಡುಗಿ ನಿಶ್ಚಯವಾಗಿದ್ದಳು. ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮಂಟಪದ ಬಾಗಿಲಲ್ಲಿ ಚೆಂದದ ಮರದ ಪೆಟ್ಟಿಗೆ, ಅದರ ಮೇಲೊಂದು ಸೀಳು. ಬಂದವರು ಶುಭಾಶಯದ ಕಾರ್ಡು, ಆಯೇರಿಯ ದುಡ್ಡಿನ ಪಾಕೀಟು ಎಲ್ಲವನ್ನೂ ಅದರೊಳಗೆ ಹಾಕುತ್ತಾರಂತೆ.

"ಅತ್ತಿ, ಇಂಥಾದ್ದೊಂದ ನನ್ನ ಲಗ್ನಕ್ಕೂ ಇರಬೇಕ ನೋಡ" ಎಂದ.

ಸೋದರತ್ತೆಯಾದವಳು ಇಲ್ಲ ಎನ್ನಲಾಗುತ್ತದೆಯೇ? ಬಾಜೂ ಓಣಿಯ ಬಡಿಗೇರನ ಬಳಿ ಹೋದೆ. ಅವನು ಹಲಗೆಗೆ ರಂಧಾ ಹೊಡೆದು ನಯ ಮಾಡುವುದನ್ನು ಸಹ ನಿಲ್ಲಿಸಲಿಲ್ಲ.

"ಹದಿನೈದ ದಿನಾ ಬಿಟ್ಟ ಬರ್ರಿ ಅಕ್ಕೋರ. ಈಗ ಬಾಗಲಾ ಚೌಕಟ್ಟಿನ ಕೆಲಸ ಭಾಳ ಐತಿ."

ಮದುವೆಗೆ ಉಳಿದದ್ದು ಎಂಟು ದಿನ. ಒಂದು ಪೆಟ್ಟಿಗೆಗೆ ಹದಿನೈದು ದಿನವಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದವಳೇ ಅಟ್ಟದ ಮೇಲಿದ್ದ ಹಳೆಯ ಮಂಚದ ಹಲಗೆಗಳನ್ನು ಕೆಳಗಿಳಿಸಿದೆ. ಯಜಮಾನರು ಪೇಪರಿನ ಮರೆಯಿಂದ ನೋಡಿದರು.

"ಅಳತಿ ತುಗೊಳೂ ಮುಂದ ಹಲಗಿ ದಪ್ಪಾನೂ ಹಿಡಿದಿ ಇಲ್ಲೋ?"

"ನನಗ ಲೆಕ್ಕಾ ಕಲಸಾಕ ಬರಬ್ಯಾಡ್ರಿ" ಎಂದೆ.

ಹಿಡಿದಿರಲಿಲ್ಲ. ಹೀಗಾಗಿ ಆರು ಹಲಗೆಗಳಲ್ಲಿ ನಾಲ್ಕನ್ನು ಎರಡೆರಡು ಸಲ ಕೊಯ್ಯಬೇಕಾಯಿತು, ಒಂದು ಅಡಿ ಎತ್ತರ ಇರಬೇಕಾದ ಪೆಟ್ಟಿಗೆ ಒಂಬತ್ತು ಇಂಚಿಗೆ ಇಳಿಯಿತು. ಹೆಬ್ಬೆರಳಿಗೆ ಮೂರು ಪಟ್ಟಿ ಬಿದ್ದವು. ಆದರೂ ಐದನೆಯ ದಿನ ಸೀಳು, ಮುಚ್ಚಳ, ಬಿಜಾಗರಿ, ಬೀಗ ಸಮೇತ ಪೆಟ್ಟಿಗೆ ಎದ್ದು ನಿಂತಿತು. ನಾನು ಅದರ ಮೇಲೆ ಕೂತು ತೋರಿಸಿದೆ. ಯಜಮಾನರು ಪೇಪರು ಮಡಿಚಿಟ್ಟು ನೋಡಿದರು, ಅದೇ ನನಗೆ ಪ್ರಶಸ್ತಿ.

ಮದುವೆಯ ದಿನ ಬೆಳಿಗ್ಗೆ ಅಣ್ಣನ ಹೆಂಡತಿ, ನನ್ನ ವೈನಿ, ತಾಳಿಯ ಡಬ್ಬಿ ತಂದು ನನ್ನ ಕೈಗಿಟ್ಟಳು. ಹೋದ ವರ್ಷ ಅವಳ ತವರಿನ ಮದುವೆಯಲ್ಲಿ ತಾಳಿಯನ್ನು ಮನೆಯಲ್ಲೇ ಮರೆತು ಹೋಗಿ ದೊಡ್ಡ ರಾದ್ಧಾಂತವಾಗಿತ್ತು.

"ಶಾಂತಾ, ಈ ಗದ್ದಲದಾಗ ನನಗ ಯಾರ ಮ್ಯಾಲೂ ನಂಬಿಕಿ ಇಲ್ಲ. ನೀ ಸಾಲಿ ಕಲಿತಾಕಿ, ನೀನ ಇಟ್ಕೋ."

ಭದ್ರವಾದ ಜಾಗ ಯಾವುದು? ಬೀಗವಿರುವ ನನ್ನ ಪೆಟ್ಟಿಗೆ! ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ನೋಡಿದರೆ ಹಿಂದಿನ ದಿನ ಬಳಿದ ಬಣ್ಣ ಮುಚ್ಚಳದ ಸಂದಿನಲ್ಲಿ ಹತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಒಣಗುತ್ತದೆ ಎಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಎಣ್ಣೆಬಣ್ಣ ಇನ್ನೂ ಉಳಿದಿತ್ತು. ಸಂದಿಗೆ ತುಂಬ, ತಳಕ್ಕೂ ಬಿಡದೆ ಇನ್ನೊಂದು ಸಲ ದಪ್ಪಗೆ ಬಳಿದೆ.

ಕ್ರೂಸರ್ ಗಾಡಿಯಲ್ಲಿ ಹದಿನಾಲ್ಕು ಜನರ ನಡುವೆ, ತೊಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಪೆಟ್ಟಿಗೆಯನ್ನು ಕೂಸಿನಂತೆ ಹಿಡಿದು ಕೊಣ್ಣೂರು ತಲುಪಿದೆ. ಬಣ್ಣ ಇನ್ನೂ ಅಂಟುತ್ತಿತ್ತು. ಅಂಗಡಿಯವನಿಗೆ ದಾರಿಯುದ್ದಕ್ಕೂ ಬೈದೆ.

ಮಂಟಪದ ಬಾಗಿಲಲ್ಲಿ ಟೇಬಲ್ಲಿನ ಮೇಲೆ ಅದನ್ನಿಟ್ಟು ಪಕ್ಕದಲ್ಲೇ ಕಾವಲು ನಿಂತೆ. ಮೊದಲು ಬಂದ ಅಜ್ಜ ಒಂದು ರೂಪಾಯಿ ನಾಣ್ಯ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದ. ಅವನ ಹಿಂದೆ ಬಂದ ಹೆಂಗಸು ಕುಂಕುಮ ಹಚ್ಚಿ ಹೋದಳು. ಪಾಕೀಟು ಹಿಡಿದು ಬಂದವರೊಬ್ಬರಿಗೆ ನಾನು ಸೀಳು ತೋರಿಸಿದರೆ ಅವರು ಕೈ ಹಿಂದೆ ಸರಿಸಿದರು.

"ಇದರಾಗ ಹಾಕಿದ್ರ ಮೈಕಿನ್ಯಾಗ ನಮ್ಮ ಹೆಸರ ಯಾರ ಹೇಳ್ತಾರ್ರಿ ಬಾಯಾರ? ಪೆಟಿಗಿ ಹೇಳತೈತೇನ?"

ಅಲ್ಲ, ಐದು ದಿನ ಬೆರಳು ಜಜ್ಜಿಸಿಕೊಂಡವಳು ನಾನು! ಜನರಿಗೆ ಕೃತಜ್ಞತೆ ಎಂಬುದೇ ಇಲ್ಲ. ಒಂದು ತಾಸಿನಲ್ಲಿ ಒಂದು ಪಾಕೀಟೂ ಬೀಳಲಿಲ್ಲ.

ಅಷ್ಟರಲ್ಲಿ ವೇದಿಕೆಯಿಂದ ಮದುವೆ ನಡೆಸುತ್ತಿದ್ದ ಅಯ್ಯನವರ ದನಿ ಕೇಳಿತು. "ತಾಳಿ ತರ್ರಿ, ಹೊತ್ತ ಆಗೇತಿ."

ಗಂಭೀರವಾಗಿ ಬೀಗದ ಕೈ ತೆಗೆದು ತಿರುವಿದೆ. ಬೀಗ ತೆರೆಯಿತು, ಮುಚ್ಚಳ ಏಳಲಿಲ್ಲ. ಎರಡೂ ಕೈಯಿಂದ ಎಳೆದೆ. ಸಂದಿಗೆ ತುಂಬಿದ್ದ ಬಣ್ಣ ಮುಚ್ಚಳವನ್ನು ಗಚ್ಚು ಹಾಕಿದ ಹಾಗೆ ಹಿಡಿದಿತ್ತು. ಸಿಟ್ಟಿನಲ್ಲಿ ಇನ್ನೊಂದು ಸಲ ತಿರುವಿದೆ. ಬೀಗ ಮತ್ತೆ ಬಿದ್ದು, ಬೀಗದ ಕೈ ಅದರೊಳಗೇ ಮುರಿಯಿತು.

ನಾನೂರು ಜನ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ನನ್ನ ಕಡೆ ತಿರುಗಿದರು. ಬೀಗರು ಗಡಿಯಾರ ನೋಡಿದರು. ಅಣ್ಣನ ಮುಖ ಬಿಳಿಚಿಕೊಂಡಿತು. ಮುಹೂರ್ತ ಮೀರಲು ಐದೇ ನಿಮಿಷವಿತ್ತು. ವೈನಿಯ ಕಣ್ಣಲ್ಲಿ ಆಗಲೇ ನೀರು. "ಶಾಂತಾ, ನನ್ನ ಮಗನ ತಾಳಿ ಎಲ್ಲೆ?" ಎಂದಳು.

"ಕಲ್ಲ ತರ್ರಿ, ಒಡದ ಬಿಡೂಣು" ಎಂದ ಒಬ್ಬ.

"ಬಣ್ಣಾ ಹೋಗತೈತಿ!" ಎಂದು ಚೀರಿದೆ. ಅಂಥ ಹೊತ್ತಿನಲ್ಲೂ ಹಾಗಂದೆ, ನನಗೇ ಈಗ ನಾಚಿಕೆ. "ಯಾರೂ ಮುಟ್ಟಬ್ಯಾಡ್ರಿ. ನಾ ಮಾಡಿದ ಪೆಟಿಗಿ, ನಾನ ತಗೀತೇನಿ."

ಹಲ್ಲು ಕಚ್ಚಿ ಪೆಟ್ಟಿಗೆಯನ್ನೇ ಮೇಲಕ್ಕೆ ಜಗ್ಗಿದೆ. ಪೆಟ್ಟಿಗೆ ಬಂತು. ತಳ ಬರಲಿಲ್ಲ. ಅದು ಹಸಿ ಬಣ್ಣಕ್ಕೆ ಟೇಬಲ್ಲಿಗೇ ಅಂಟಿಕೊಂಡು, ಮೇಲೆ ತಾಳಿಯ ಡಬ್ಬಿ ಮತ್ತು ಅಜ್ಜನ ರೂಪಾಯಿಯನ್ನು ಇಟ್ಟುಕೊಂಡು ಶಾಂತವಾಗಿ ಕುಳಿತಿತ್ತು. ಉದ್ದ ಮೊಳೆಗಳು ಐದು ಮುಖಕ್ಕೇ ಮುಗಿದು, ತಳಕ್ಕೆ ಫೋಟೋ ತೂಗುಹಾಕುವ ಸಣ್ಣ ಮೊಳೆ ಹೊಡೆದಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ವೈನಿ ಡಬ್ಬಿ ಕಸಿದುಕೊಂಡು ಓಡಿದಳು. ಹೊತ್ತಿಗೆ ಸರಿಯಾಗಿ ತಾಳಿ ಹುಡುಗಿಯ ಕೊರಳಿಗೆ ಬಿತ್ತು.

ನಾನೂ ವೇದಿಕೆಯ ಹತ್ತಿರ ಓಡಿದೆ, ಆದರೆ ಬರಿಗೈಯಲ್ಲಲ್ಲ. ಮೊದಲ ಅಕ್ಷತೆ ಹಾಕಬೇಕಾದ ಸೋದರತ್ತೆಯ ಎರಡೂ ಅಂಗೈ ಬಣ್ಣಕ್ಕೆ ಅಂಟಿದ್ದವು, ಪೆಟ್ಟಿಗೆ ತಲೆಕೆಳಗಾಗಿ, ಸೀಳು ಎದೆಗೊತ್ತಿದ ತೋಳಿನಡಿ ಮುಚ್ಚಿ, ತಳವಿಲ್ಲದ ಬಾಯಿ ಮೇಲಾಗಿ ತೋಳಲ್ಲೇ ಇತ್ತು. ಹಿಂದಿನವರು ಎಸೆದ ಅಕ್ಷತೆ ವಧೂವರರನ್ನು ಮುಟ್ಟದೆ ಸೀದಾ ಅದರೊಳಗೆ ಬೀಳತೊಡಗಿತು.

ಯಜಮಾನರು ಕಿವಿಯ ಹತ್ತಿರ ಬಗ್ಗಿದರು. "ಇಲ್ಲೆ ನಾಕ ಮಂದೀಗೆ ಅಕ್ಕಿಕಾಳ ಸಿಕ್ಕಿಲ್ಲ. ಅದರಾಗಿಂದ ಒಂದೀಟ ಕೊಡ."

ಪೆಟ್ಟಿಗೆಯನ್ನು ಅವರ ಮುಂದೆ ಹಿಡಿದೆ. ಬೀಗ ಇನ್ನೂ ಹಾಕಿಯೇ ಇತ್ತು, ತೆಗೆಯುವ ಅವಶ್ಯಕತೆಯೇನೂ ಬೀಳಲಿಲ್ಲ.