ಮನೆಯವರು ಆಮೆ ಅಳೆಯುತ್ತಾರೆ

ಮನೆಯವರು ಆಫ್ರಿಕಾಕ್ಕೆ ಕಾಡಿನ ಆಮೆ ಅಳೆಯಲು ಹೋದಂದಿನಿಂದ, ರಾಣೆಬೆನ್ನೂರಿನಲ್ಲಿ ನಾನು ಗಂಭೀರವಾಗಿ ಏನು ಹೇಳಿದರೂ ಎದುರಿನವರು ನಗುತ್ತಾರೆ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ಮೇಟ್ರನ್, ಕಾನ್ವೆಂಟಿನಲ್ಲಿ ಕಲಿತವಳು. ಮೊದಲು ನನ್ನೆದುರು ನಗುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯವರು ಇಲ್ಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹಳೆಯ ವಿದ್ಯಾರ್ಥಿಯೊಬ್ಬ ಟಾಂಜಾನಿಯಾಕ್ಕೆ ಕರೆದ. ಒಂದು ಮಳೆಗಾಲ ಮುಗಿಸಿ ಬರುತ್ತೇನೆಂದು ಹೊರಟರು. ಮೂರು ಮಳೆಗಾಲ ಮುಗಿದವು.

೧. ಹೊಟ್ಟೆಯ ತಗ್ಗು

ಭಾನುವಾರ ಅವರ ವಿಡಿಯೋ ಕಾಲ್ ಬರುತ್ತದೆ. ನಾನು ಗಂಜಿ ಹಾಕಿದ ಸೀರೆಯುಟ್ಟು, ತಲೆ ಬಾಚಿಕೊಂಡು ಕೂರುತ್ತೇನೆ. ಫೋನಿನಲ್ಲಿ ಕಾಣಿಸುವುದು ಆಮೆ. ಒಮ್ಮೆ ಅದನ್ನು ಮೆಲ್ಲಗೆ ಹೊರಳಿಸಿ, ಗಂಡಿನ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ, ಹೆಣ್ಣಿನದು ಸಪಾಟು ಎಂದು ತೋರಿಸಿದರು. ನನ್ನ ಹಿಂದೆ ಪಕ್ಕದ ಮನೆಯ ಅಕ್ಕ ನಿಂತಿದ್ದರು. ಅವರದು ಬೀಜದ ಅಂಗಡಿ.

"ಗಂಡಿಗೆ ತಗ್ಗ ಯಾಕ್ರಿ ಮೇಡಂ?"

ಜಾರಬಾರದೆಂದು, ಎಂದೆ.

"ಎಲ್ಲಿಂದ?"

ನಮ್ಮ ಕಾನ್ವೆಂಟಿನಲ್ಲಿ ಪಾಠ ಈ ಜಾಗಕ್ಕೆ ಬಂದರೆ ಸಿಸ್ಟರ್ ಎಲ್ಲರನ್ನೂ ಪ್ರಾರ್ಥನೆಗೆ ಎಬ್ಬಿಸುತ್ತಿದ್ದರು. ನಾನೂ ಎದ್ದು ಚಹಾ ಇಡಲು ಹೋದೆ. ಅಷ್ಟರಲ್ಲಿ ಮನೆಯವರು ಫೋನಿನಿಂದಲೇ ಪೂರ್ತಿ ವಿವರಿಸಿಬಿಟ್ಟಿದ್ದರು.

ಕಪ್ಪು ತೆಗೆದುಕೊಳ್ಳುತ್ತ ಅಕ್ಕ ಹೇಳಿದರು: "ಇಷ್ಟ ಹೇಳಾಕ ಚಾ ಯಾಕ ಇಟ್ರಿ?"

೨. ಬ್ಯಾಡಗಿಯ ಮಾವ

ನನ್ನ ಸೋದರಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಊಟಕ್ಕೆ ಬಂದವರು, ಒಂದೇ ಜಾತಿಯ ಆಮೆಯಲ್ಲಿ ಒಂದನ್ನು ಅಳೆದರೆ ಎಲ್ಲವನ್ನೂ ಅಳೆದಂತಲ್ಲವೇ ಎಂದರು. ಹಾಗಲ್ಲ ಎಂದು ತಿಳಿಸಿದೆ. ಚಿರತೆಯಂತೆ ಚುಕ್ಕೆಯಿರುವ ಆ ಆಮೆ ಒಂದು ಸೀಮೆಯಲ್ಲಿ ಊಟದ ತಟ್ಟೆಯಷ್ಟಿದ್ದರೆ ಇನ್ನೊಂದರಲ್ಲಿ ಬುಟ್ಟಿಯಷ್ಟು. ಮರಿಯ ಚಿಪ್ಪಿನ ಚಿತ್ತಾರ ಎದ್ದು ಕಾಣುತ್ತದೆ, ಮುದಿಯದು ಸವೆದು ಮಾಸುತ್ತದೆ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ.

ಸುಕ್ಕು ನೋಡಿಯೇ ಮೆಣಸಿನಕಾಯಿಯ ದರ ಹೇಳುವ ಮಾವ ತಲೆಯಾಡಿಸಿದರು. "ಹಂಗಾದ್ರ ಗ್ರೇಡ್ ಮಾಡಿ ಟೆಂಡರಿಗೆ ಇಡೂದು, ಸಂಜಿಕ ಮನಿಗೆ ಬರೂದು. ಮೂರು ವರ್ಷ ಯಾಕ ಬೇಕವ್ವಾ?"

ಅದನ್ನೇ ನಾನೂ ದಿನಾ ಕೇಳಿಕೊಳ್ಳುತ್ತಿದ್ದೆ. ಮಾವನ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದೆ.

೩. ದೇವರಿಗೆ ವಿಳಾಸ

ಬಿಸಿಲಿಗೆ ನೆಲ ಒಣಗಿದ ದಿನಗಳಲ್ಲಿ ಆ ಆಮೆಗಳು ಪೊದೆ ಸೇರಿ ಅಲ್ಲಾಡುವುದಿಲ್ಲ. ಆಗ ಅಳೆಯುವವರಿಗೆ ರಜೆ. ಮಳೆ ಬಿದ್ದರೆ ಹೊರಬರುತ್ತವೆ, ರಜೆ ರದ್ದು. ಈ ಸಲ ಅವರಿಗೆ ರಜೆ ಸಿಕ್ಕಿ ಊರಿಗೆ ಬರುವವರಿದ್ದರು. ಅಕ್ಕನ ಜೊತೆ ಕಾಗಿನೆಲೆಗೆ ಹೋದಾಗ ಗುಡಿಯಲ್ಲಿ ಕೈಮುಗಿದು, ಹಾಸ್ಟೆಲಿನಲ್ಲಿ ಮಾತಾಡಿ ರೂಢಿಯಾದ ದನಿಯಲ್ಲೇ ಬೇಡಿಕೊಂಡೆ: "ದೇವರೇ, ಈ ಸಲ ಮಳೆ ತಡವಾಗಲಿ."

ಹೊಲ ಹರಗಿ ಬಿತ್ತನೆಗೆ ಕಾದಿದ್ದ ರೈತರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಅಕ್ಕ ನನ್ನ ಕೈ ಹಿಡಿದರು.

"ಮೇಡಂ, ಯಾವ ದೇಶ ಅಂತ ಹೇಳಿ ಬೇಡ್ಕೋರಿ. ನಮ್ಮ ಬೀಜ ಇನ್ನೂ ಅಂಗಡಿಯೊಳಗ ಐತಿ."

೪. ಮರಳಿ ಬಂದವಳು

ಅವರ ಹಾಸಿಗೆಗೆ ಹೊಸ ಚಾದರ ಹಾಸಿದ ಮರುದಿನವೇ ಕಾಲ್ ಬಂತು. ಅಲ್ಲಿ ಮಳೆ ಬಿದ್ದಿತ್ತು. ರಜೆಯ ಸುದ್ದಿ ಎತ್ತದೆ ಅವರು ಒಂದು ಹೆಣ್ಣಾಮೆಯನ್ನು ತೋರಿಸಿದರು. ಮೊದಲ ವರ್ಷ ಅದರ ಬೆನ್ನಿಗೆ ಬಣ್ಣದಲ್ಲಿ ನಂಬರ್ ಬರೆದಿದ್ದರಂತೆ. ಎಲ್ಲಿಗೋ ಹೋಗಿದ್ದು ಈಗ ತನ್ನ ಪೊದೆಗೇ ಮರಳಿತ್ತು. ಅವರು ಅದರ ಬೆನ್ನು ಸವರಿದರು.

"ಯಾರೂ ಕರೀಲಿಲ್ಲ ನೋಡು. ತಾನ ಬಂದಾಳ."

"ಅವಳಿಗೆ ಮಳೆ ಅಡ್ಡ ಬರಲಿಲ್ಲವೇ?" ಎಂದೆ.

ಆಮೆ ಸರಿದು ಫೋನಿನಲ್ಲಿ ಅವರ ಮುಖ ಬಂತು. ಕೂದಲು ಪೂರಾ ಬೆಳ್ಳಗಾಗಿತ್ತು. "ನಾಳೆ ಟಿಕೆಟ್ ತೆಗಸ್ತೇನಿ," ಎಂದರು.

ಹಿಂದಿನಿಂದ ಅಕ್ಕ ಫೋನಿಗೆ ಬಾಗಿದರು.

"ಬರ್ರಿ ಸರ್. ಈ ಸಲ ಹೊಳ್ಳಿ ಹೋಗೂ ಮೊದಲ ನಿಮ್ಮ ಬೆನ್ನ ಮ್ಯಾಲ ನಂಬರ್ ನಾವು ಬರೀತೇವಿ."

ನಾನು ನಗಲಿಲ್ಲ. ಬಣ್ಣ ಮಾತ್ರ ತರಿಸಿ ಇಟ್ಟಿದ್ದೇನೆ.